ಗುಣವಾಗದ ಕಾಯಿಲೆ, ಮನೆಯಲ್ಲಿ ಆರೈಕೆ: ಮುಂದೆ ಏನು ಬರುತ್ತದೆ, ಆಗ ಏನು ಮಾಡಬೇಕು

"ಇನ್ನು ಗುಣ ಆಗುವ ಹಾಗಿಲ್ಲ. ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ." ಡಾಕ್ಟರು ಇಷ್ಟು ಹೇಳಿ ಮುಗಿಸುತ್ತಾರೆ. ಚೆನ್ನಾಗಿ ನೋಡಿಕೊಳ್ಳುವುದು ಅಂದರೆ ಏನು ಅಂತ ಬಿಡಿಸಿ ಹೇಳುವವರು ಕಡಿಮೆ. ಮನೆಗೆ ಬಂದ ಮೇಲೆ ರಾತ್ರಿ ಉಸಿರಾಟದ ಸದ್ದು ಬದಲಾಗುತ್ತದೆ. ಎರಡು ದಿನದಿಂದ ಊಟ ಬೇಡ ಅನ್ನುತ್ತಾರೆ. ನಿನ್ನೆ ಗುರುತು ಹಿಡಿದವರು ಇವತ್ತು "ನೀನು ಯಾರು?" ಅಂತ ಕೇಳುತ್ತಾರೆ. ಮನೆಯವರಿಗೆ ದಿಕ್ಕೇ ತೋಚುವುದಿಲ್ಲ.

ಈ ಗಾಬರಿಗೆ ದೊಡ್ಡ ಕಾರಣ ಮುಂದೇನು ಅಂತ ಗೊತ್ತಿಲ್ಲದಿರುವುದು. ದಿನ, ತಾರೀಕು ಯಾರಿಗೂ ಹೇಳಲು ಆಗುವುದಿಲ್ಲ, ನಿಜ. ಆದರೆ ಯಾವುದರ ನಂತರ ಯಾವುದು ಬರಬಹುದು ಅನ್ನುವುದು ಬಹುಮಟ್ಟಿಗೆ ಗೊತ್ತಿರುವ ವಿಷಯ. ಅದನ್ನು ಒಂದು ಹೆಜ್ಜೆ ಮುಂಚೆಯೇ ತಿಳಿದುಕೊಂಡವರ ಮನೆಯಲ್ಲಿ ಆರೈಕೆ ನಡೆಯುವ ರೀತಿಯೇ ಬೇರೆ.

ಇಳಿಯುವ ದಾರಿ ಮೂರು ಬಗೆ

ದಿನ ಕಳೆದಂತೆ ಹೆಚ್ಚುತ್ತಲೇ ಹೋಗುವ, ಈಗಿರುವ ಯಾವ ಚಿಕಿತ್ಸೆಗೂ ವಾಸಿಯಾಗದ, ಕೊನೆಗೆ ಜೀವವನ್ನೇ ತೆಗೆಯುವ ಕಾಯಿಲೆಗಳು ಹಲವು. ಆದರೆ ಅವು ಮನುಷ್ಯನನ್ನು ಕುಗ್ಗಿಸುವ ರೀತಿ ಹೆಚ್ಚುಕಡಿಮೆ ಮೂರೇ ಬಗೆ.

ಮೊದಲನೆಯದು ಹರಡಿದ ಕ್ಯಾನ್ಸರಿನ ದಾರಿ. ಬಹಳ ಕಾಲ ಓಡಾಟ, ಊಟ, ಮಾತು ಎಲ್ಲ ಸುಮಾರಾಗಿ ಚೆನ್ನಾಗಿಯೇ ಇರುತ್ತದೆ. ಆಮೇಲೆ ಕೊನೆಯ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಶಕ್ತಿ ಸರ್ರನೆ ಇಳಿಯುತ್ತದೆ. "ಹೋದ ತಿಂಗಳು ನಡೆದಾಡ್ತಿದ್ರಲ್ಲ" ಅಂತ ಮನೆಯವರು ಬೆರಗಾಗುವುದು ಇಲ್ಲೇ.

ಎರಡನೆಯದು ಹೃದಯ, ಶ್ವಾಸಕೋಶ, ಲಿವರ್‌ನಂಥ ಅಂಗಗಳು ಸೋಲುವ ದಾರಿ. ಇದು ಮೆಟ್ಟಿಲು ಇಳಿದ ಹಾಗೆ. ಒಮ್ಮೆ ಜೋರಾಗುತ್ತದೆ, ಆಸ್ಪತ್ರೆಗೆ ಸೇರಿಸುತ್ತೀರಿ, ಸುಧಾರಿಸಿಕೊಂಡು ಮನೆಗೆ ಬರುತ್ತಾರೆ. ಆದರೆ ಮೊದಲು ನಿಂತಿದ್ದ ಮೆಟ್ಟಿಲಿಗೆ ವಾಪಸ್ ಹತ್ತುವುದಿಲ್ಲ, ಒಂದು ಮೆಟ್ಟಿಲು ಕೆಳಗೇ ನಿಲ್ಲುತ್ತಾರೆ. ಯಾವ ಸಲ ಸುಧಾರಿಸುವುದಿಲ್ಲ ಅಂತ ಊಹಿಸುವುದು ಕಷ್ಟ. ಹಾಗಾಗಿ ಈ ಕಾಯಿಲೆಗಳಲ್ಲಿ ಮನೆಯವರು ಮಾತಾಡಬೇಕಾದ್ದನ್ನು ಮುಂದೂಡುತ್ತಲೇ ಹೋಗುತ್ತಾರೆ.

ಮೂರನೆಯದು ಆಲ್‌ಝೈಮರ್‌ನಂಥ ಮರೆವಿನ ಕಾಯಿಲೆಗಳದ್ದು. ಮೊದಲಿನಿಂದಲೇ ಶಕ್ತಿ ಕಡಿಮೆ, ವರ್ಷಗಟ್ಟಲೆ ನಿಧಾನವಾಗಿ ಇಳಿಯುವುದು. ಇಲ್ಲಿ ಮೊದಲು ಸೋತುಹೋಗುವವರು ನೋಡಿಕೊಳ್ಳುವವರೇ.

ಕೆಲವು ಕಾಯಿಲೆಗಳು ಈ ಮೂರಕ್ಕೂ ಸರಿಯಾಗಿ ಕೂರುವುದಿಲ್ಲ. ಎಎಲ್‌ಎಸ್ ಅನ್ನುವ ನರರೋಗವನ್ನೇ ನೋಡಿ. ಫ್ರಾನ್ಸಿನ ವೈದ್ಯ ಶಾರ್ಕೋ ಇದನ್ನು 1869ರಷ್ಟು ಹಿಂದೆಯೇ ವಿವರಿಸಿದ್ದರು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ. ಕೈಕಾಲು, ನುಂಗುವುದು, ಮಾತು, ಕೊನೆಗೆ ಉಸಿರು, ಎಲ್ಲವೂ ಸೋಲುತ್ತದೆ. ಲಕ್ಷಣ ಶುರುವಾದ ಮೇಲೆ ಹೆಚ್ಚಿನವರು ಬದುಕುವುದು 3ರಿಂದ 5 ವರ್ಷ. ಆದರೆ ಬುದ್ಧಿ ಅನೇಕರಲ್ಲಿ ಚುರುಕಾಗಿಯೇ ಇರುತ್ತದೆ. ಒಂದು ಹೆಜ್ಜೆ ಮುಂದಿರಬೇಕು ಅಂದದ್ದು ಏಕೆ ಅಂತ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮಾತು ನಿಲ್ಲುವ ಮೊದಲೇ ಅವರ ದನಿಯನ್ನು ರೆಕಾರ್ಡ್ ಮಾಡಿಟ್ಟರೆ, ಮುಂದೆ ಕಂಪ್ಯೂಟರು ಅದೇ ದನಿಯಲ್ಲಿ ಅವರ ಪರವಾಗಿ ಮಾತಾಡಬಲ್ಲದು. ಹೊಟ್ಟೆಗೆ ಆಹಾರದ ನಳಿಕೆ ಹಾಕಿಸಬೇಕೆಂದಿದ್ದರೆ ಉಸಿರಾಟ ತೀರಾ ದುರ್ಬಲ ಆಗುವ ಮೊದಲೇ ಹಾಕಿಸುವುದು ಸುರಕ್ಷಿತ. ಎರಡಕ್ಕೂ ಸಮಯ ಮೀರಿದರೆ ಮೀರಿದಂತೆಯೇ.

ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಇಷ್ಟೇ: "ಈ ಕಾಯಿಲೆ ಯಾವ ದಾರಿಯಲ್ಲಿ ಹೋಗುತ್ತದೆ? ಮುಂದಿನ ಹಂತದಲ್ಲಿ ಏನು ಕಷ್ಟ ಬರಬಹುದು?" ಇನ್ನೆಷ್ಟು ದಿನ ಅಂತ ಕೇಳುವುದಕ್ಕಿಂತ ಈ ಪ್ರಶ್ನೆಯಿಂದ ಹೆಚ್ಚು ಉಪಯೋಗ.

ಪ್ಯಾಲಿಯೇಟಿವ್ ಕೇರ್ ಯಾರಿಗೆ, ಯಾವಾಗ

ಕಾಯಿಲೆಯನ್ನು ವಾಸಿ ಮಾಡಲು ಆಗದಿದ್ದರೂ ಅದು ಕೊಡುವ ನೋವು, ಉಸಿರುಕಟ್ಟು, ವಾಂತಿ, ಭಯ ಇವನ್ನು ಕಡಿಮೆ ಮಾಡುವ ಚಿಕಿತ್ಸೆಗೆ ಪ್ಯಾಲಿಯೇಟಿವ್ ಕೇರ್ ಅನ್ನುತ್ತಾರೆ. ರೋಗಿಯ ಜೊತೆಗೆ ಕುಟುಂಬವನ್ನೂ ಈ ತಂಡ ನೋಡಿಕೊಳ್ಳುತ್ತದೆ. ಹಾಸ್ಪೈಸ್ ಅಂದರೆ ಇದೇ ಆರೈಕೆಯನ್ನು ಬದುಕಿನ ಕೊನೆಯ ಹಂತದಲ್ಲಿ ಕೊಡುವ ವ್ಯವಸ್ಥೆ. ಆಧುನಿಕ ರೂಪದಲ್ಲಿ ಇದನ್ನು ಶುರು ಮಾಡಿದವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್, ನಂತರ ಸಮಾಜ ಕಾರ್ಯಕರ್ತೆ, ಆಮೇಲೆ ಡಾಕ್ಟರು ಆದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು.

ಪ್ಯಾಲಿಯೇಟಿವ್ ಕೇರ್‌ಗೆ ಹೋದರೆ ಕೈಬಿಟ್ಟ ಹಾಗೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇದು ತಪ್ಪು. ಕೀಮೋದಂಥ ಚಿಕಿತ್ಸೆ ನಡೆಯುತ್ತಿರುವಾಗಲೇ ಜೊತೆಗೆ ಇದನ್ನೂ ಶುರು ಮಾಡಬಹುದು. 2010ರಲ್ಲಿ ಅಮೆರಿಕದಲ್ಲಿ ಹರಡಿದ ಶ್ವಾಸಕೋಶ ಕ್ಯಾನ್ಸರಿನ 151 ಜನರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಮೊದಲಿನಿಂದಲೇ ಪ್ಯಾಲಿಯೇಟಿವ್ ಕೇರ್ ಸಿಕ್ಕವರಲ್ಲಿ ಖಿನ್ನತೆ ಕಡಿಮೆ ಇತ್ತು, ಕೊನೆಗಾಲದ ಭಾರಿ ಚಿಕಿತ್ಸೆಗಳೂ ಕಡಿಮೆ. ಆದರೂ ಅವರು ಉಳಿದವರಿಗಿಂತ ಎರಡೂವರೆ ತಿಂಗಳಿಗೂ ಸ್ವಲ್ಪ ಹೆಚ್ಚು ಕಾಲ ಬದುಕಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 5.68 ಕೋಟಿ ಜನರಿಗೆ ಈ ಆರೈಕೆ ಬೇಕು. ಸಿಗುತ್ತಿರುವುದು ನೂರರಲ್ಲಿ 14 ಜನರಿಗೆ ಮಾತ್ರ. ಹಾಗಾಗಿ ಯಾರಾದರೂ ಹೇಳಲಿ ಅಂತ ಕಾಯಬೇಡಿ, ನೀವೇ ಕೇಳಿ.

ನೋವು, ಮಾರ್ಫಿನ್, ಮತ್ತು ಅದರ ಬಗೆಗಿನ ಭಯ

ನೋವು ಬರೀ ಮೈಯದ್ದಲ್ಲ, ಮನಸ್ಸು, ಮನೆ, ನಂಬಿಕೆ ಎಲ್ಲ ಸೇರಿ ನೋವಾಗುತ್ತದೆ ಅನ್ನುತ್ತಿದ್ದರು ಸಾಂಡರ್ಸ್. ಮಕ್ಕಳ ಮುಂದಿನ ಬದುಕಿನ ಚಿಂತೆ ಇರುವವರಿಗೆ ಮಾತ್ರೆ ಅರ್ಧ ಕೆಲಸ ಮಾತ್ರ ಮಾಡುತ್ತದೆ.

ಆದರೆ ಮೈ ನೋವಿಗೆ ಒಳ್ಳೆಯ ಔಷಧ ಇದೆ. ತೀವ್ರ ನೋವಿಗೆ ಕೊಡುವುದು ಅಫೀಮಿನಿಂದ ತೆಗೆಯುವ ಮಾರ್ಫಿನ್. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಎರಡು ಮಾತು ಇವತ್ತಿಗೂ ಮುಖ್ಯ: ಸಾಧ್ಯವಾದಷ್ಟೂ ಬಾಯಿಂದ ಕೊಡಿ, ಗಡಿಯಾರ ನೋಡಿ ಕೊಡಿ. ಗಡಿಯಾರ ಏಕೆ? ಸಾಮಾನ್ಯ ಮಾರ್ಫಿನ್ ಮಾತ್ರೆಯ ಪರಿಣಾಮ ಸುಮಾರು 4 ಗಂಟೆ ಇರುತ್ತದೆ. ಆಮೇಲೆ ನೋವು ಎದ್ದು ನಿಂತು, ಅವರು ನರಳಿ, ನೀವು ಓಡಿಹೋಗಿ ಕೊಟ್ಟರೆ, ಅದು ಕೆಲಸ ಶುರು ಮಾಡಲು ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆ ಅವರಿಗೆ ನರಕ. ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದರೆ ನೋವು ತಲೆ ಎತ್ತುವುದೇ ಇಲ್ಲ, ಒಟ್ಟು ಔಷಧವೂ ಅನೇಕ ಸಲ ಕಡಿಮೆ ಸಾಕಾಗುತ್ತದೆ. ನಡುವೆ ನೋವು ನುಗ್ಗಿ ಬಂದರೆ ಎಷ್ಟು ಹೆಚ್ಚುವರಿ ಕೊಡಬಹುದು ಅಂತ ಡಾಕ್ಟರಿಂದ ಮೊದಲೇ ಬರೆಸಿಟ್ಟುಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ಹೊತ್ತು, ಔಷಧ, ನೋವು ಹತ್ತಕ್ಕೆ ಎಷ್ಟು ಅಂತ ಬರೆಯುತ್ತಾ ಹೋಗಿ. ಮುಂದಿನ ಸಲ ಡಾಕ್ಟರು ಪ್ರಮಾಣ ಬದಲಾಯಿಸಲು ಈ ಪುಟವೇ ಆಧಾರ.

ಚಟ ಹಿಡಿಯುತ್ತೆ ಅನ್ನುವ ಭಯ ಎಲ್ಲ ಕಡೆ ಇದೆ. ಡಾಕ್ಟರ ಉಸ್ತುವಾರಿಯಲ್ಲಿ, ಇಂಥ ಕಾಯಿಲೆಯ ನೋವಿಗೆ ತೆಗೆದುಕೊಳ್ಳುವವರಲ್ಲಿ ಅದು ಅಪರೂಪ. ಮಾರ್ಫಿನ್ ಶುರುವಾದರೆ ಸಾವು ಹತ್ತಿರ ಅಂತಲೂ ಅರ್ಥವಲ್ಲ, ಕೆಲವರು ತಿಂಗಳುಗಟ್ಟಲೆ ತೆಗೆದುಕೊಂಡು ಓಡಾಡಿಕೊಂಡಿರುತ್ತಾರೆ. ಶುರುವಿನಲ್ಲಿ ಮಂಪರು, ವಾಕರಿಕೆ ಬರಬಹುದು, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಗ್ಗುತ್ತದೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ. ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧ ಬೇಕು. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನವಾಗುವುದು, ಕೈಕಾಲು ಪದೇ ಪದೇ ಜಗ್ಗುವುದು ಕಂಡರೆ ಕೂಡಲೇ ಡಾಕ್ಟರಿಗೆ ಹೇಳಿ. ಕಿಡ್ನಿ ಸೋತವರಲ್ಲಿ ಔಷಧ ಮೈಯಲ್ಲೇ ಉಳಿದುಕೊಳ್ಳುವುದರಿಂದ ಹೀಗಾಗುವುದು ಜಾಸ್ತಿ.

ಮಾತು ನಿಂತವರು ನೋವು ಹೇಳಲಾರರು. ಹುಬ್ಬು ಗಂಟಿಕ್ಕುವುದು, ಮುಟ್ಟಿದಾಗ ಮೈ ಬಿಗಿ ಹಿಡಿಯುವುದು, ಮಗ್ಗುಲು ತಿರುಗಿಸುವಾಗ ನರಳುವುದು, ಸುಮ್ನೆ ಇದ್ದವರು ಇದ್ದಕ್ಕಿದ್ದಂತೆ ಸಿಡುಕುವುದು ಇವೇ ಅವರ ಮಾತು.

ಮಗ್ಗುಲು ಮತ್ತು ಬಾಯಿ

ಮನೆಯ ಆರೈಕೆಯಲ್ಲಿ ನಿಜವಾದ ಕೈಕೆಲಸ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಕಲಿಯಬೇಕಾದ್ದೂ ಇದೇ.

ಒಂದೇ ಭಂಗಿಯಲ್ಲಿ ಮಲಗಿದರೆ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿದ ಚರ್ಮಕ್ಕೆ ರಕ್ತ ಹರಿಯುವುದಿಲ್ಲ. ಆ ಜಾಗ ಸತ್ತು ಹುಣ್ಣಾಗುತ್ತದೆ. ಬೆನ್ನಿನ ತುದಿ, ಹಿಮ್ಮಡಿ, ಸೊಂಟದ ಪಕ್ಕ, ತಲೆಯ ಹಿಂಭಾಗ, ಕಿವಿ, ಇಲ್ಲೆಲ್ಲ ದಿನಕ್ಕೊಮ್ಮೆ ನೋಡಬೇಕು. ಬೆರಳಿನಿಂದ ಒತ್ತಿ ಬಿಟ್ಟರೂ ಮಾಸದ ಕೆಂಪು ಮೊದಲ ಗುರುತು. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣುವುದಿಲ್ಲ. ಸುತ್ತಲಿನದಕ್ಕಿಂತ ಕಪ್ಪಾಗಿ ಅಥವಾ ನೇರಳೆಯಾಗಿ, ಬಿಸಿಯಾಗಿ, ಗಟ್ಟಿಯಾಗಿ ಇದೆಯಾ ಅಂತ ಮುಟ್ಟಿ ನೋಡಬೇಕು. ಆ ಜಾಗವನ್ನು ತಿಕ್ಕಬಾರದು. ನಡುವೆ ತೂತಿರುವ ಉಂಗುರದಂಥ ದಿಂಬು ಕೊಟ್ಟರೆ ಒಳ್ಳೆಯದು ಅಂತ ಅನೇಕರು ತರುತ್ತಾರೆ. ಅದು ಸುತ್ತಲಿನ ರಕ್ತವನ್ನೇ ತಡೆಯುತ್ತದೆ, ಬೇಡ.

ಸಾಮಾನ್ಯ ಹಾಸಿಗೆಯಾದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಒಬ್ಬರೇ ಇದ್ದಾಗ ಹೀಗೆ ಮಾಡಿ. ಒಂದು ಬೆಡ್‌ಶೀಟನ್ನು ಮಡಚಿ, ಭುಜದಿಂದ ತೊಡೆಯವರೆಗೆ ಬರುವ ಹಾಗೆ ಅವರ ಕೆಳಗೆ ಅಡ್ಡಕ್ಕೆ ಹಾಸಿಟ್ಟಿರಿ. ಈಗ ಹೊರಳಿಸುತ್ತೇನೆ ಅಂತ ಮೊದಲು ಅವರಿಗೆ ಹೇಳಿ, ಪ್ರಜ್ಞೆ ಕಡಿಮೆ ಇದ್ದರೂ ಹೇಳಿ. ಆ ಶೀಟು ಹಿಡಿದು ಅವರನ್ನು ಹಾಸಿಗೆಯ ಒಂದು ಬದಿಗೆ ಸ್ವಲ್ಪ ಸರಿಸಿ. ಆಮೇಲೆ ಎದುರು ಬದಿಗೆ ಬಂದು ನಿಲ್ಲಿ. ನಿಮ್ಮಿಂದ ದೂರ ಇರುವ ಕೈಯನ್ನು ಅವರ ಎದೆಯ ಮೇಲೆ ತನ್ನಿ, ದೂರದ ಮೊಣಕಾಲು ಮಡಚಿ. ಒಂದು ಕೈ ಅವರ ಆಚೆ ಭುಜದ ಮೇಲೆ, ಇನ್ನೊಂದು ಆಚೆ ಸೊಂಟದ ಮೇಲೆ ಇಟ್ಟು ನಿಧಾನವಾಗಿ ನಿಮ್ಮ ಕಡೆ ಹೊರಳಿಸಿ. ಬೆನ್ನಿಗೆ ಒಂದು ದಿಂಬು, ಮಂಡಿಗಳ ನಡುವೆ ಒಂದು. ಪೂರ್ತಿ ಪಕ್ಕಕ್ಕೆ ಬೇಡ, ಸೊಂಟದ ಮೂಳೆಯ ಮೇಲೆ ಭಾರ ಬೀಳುತ್ತದೆ. ಸುಮಾರು 30 ಡಿಗ್ರಿ ಓರೆ ಸಾಕು. ಅಂಗಾತ ಮಲಗಿಸಿದಾಗ ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿ. ಮೇಲಕ್ಕೆ ಸರಿಸಬೇಕಾದರೆ ಇಬ್ಬರು ಬೇಕು. ಕಂಕುಳಿಗೆ ಕೈ ಹಾಕಿ ಎಳೆದರೆ ಚರ್ಮ ಹಾಸಿಗೆಗೆ ಉಜ್ಜಿ ಒಳಗೇ ಹರಿಯುತ್ತದೆ. ಶೀಟಿನ ಎರಡೂ ಅಂಚು ಹಿಡಿದು ಎತ್ತಿ ಸರಿಸಬೇಕು.

ಬಾಯಿ ತೆರೆದುಕೊಂಡೇ ಉಸಿರಾಡುವವರ ನಾಲಿಗೆ ಮರದ ಚಕ್ಕೆಯಷ್ಟು ಒಣಗುತ್ತದೆ. ಮೆತ್ತನೆಯ ಬ್ರಷ್ ಅಥವಾ ಬೆರಳಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ಕೆನ್ನೆಯ ಒಳಭಾಗ, ನಾಲಿಗೆ, ಒಸಡು ಒರೆಸಿ. ತುಟಿಗೆ ಸ್ವಲ್ಪ ಮುಲಾಮು ಹಚ್ಚಿ. ನುಂಗಲಾರದವರಿಗೂ ಇದರಿಂದ ಎಷ್ಟೋ ಹಿತ. ದೂರದಿಂದ ನೋಡಲು ಬಂದು ಏನು ಮಾಡಬೇಕೋ ತಿಳಿಯದೆ ನಿಂತವರ ಕೈಗೆ ಈ ಕೆಲಸ ಕೊಡಬಹುದು.

ಊಟ ಬೇಡ ಅಂದಾಗ

ಮನೆಯವರು ಅತಿ ಹೆಚ್ಚು ಸಂಕಟಪಡುವುದು ಈ ವಿಷಯದಲ್ಲಿ. ತಿನ್ನದಿದ್ದರೆ ಶಕ್ತಿ ಎಲ್ಲಿಂದ ಬರುತ್ತೆ ಅಂತ ಒತ್ತಾಯ ಮಾಡುತ್ತಾರೆ. ಆದರೆ ಕಾಯಿಲೆ ಬಲಿತಾಗ ನಡೆಯುವುದು ಬೇರೆ. ಕ್ಯಾನ್ಸರಿನಂಥ ಕಾಯಿಲೆಗಳು ಮೈಯಲ್ಲಿ ಉರಿಯೂತದ ರಾಸಾಯನಿಕಗಳನ್ನು ಹುಟ್ಟಿಸುತ್ತವೆ. ಅವು ಹಸಿವನ್ನು ಕೊಲ್ಲುತ್ತವೆ, ಮಾಂಸಖಂಡವನ್ನು ಕರಗಿಸುತ್ತವೆ. ಎಷ್ಟು ತಿನ್ನಿಸಿದರೂ ಮೈ ಅದನ್ನು ಬಳಸಿಕೊಳ್ಳಲಾರದು. ಅವರು ಸೊರಗುತ್ತಿರುವುದು ನೀವು ತಿನ್ನಿಸದಿದ್ದಕ್ಕೆ ಅಲ್ಲ. ಕೊನೆಯ ದಿನಗಳಲ್ಲಿ ಹೆಚ್ಚಿನವರಿಗೆ ಹಸಿವೆಯೇ ಇರುವುದಿಲ್ಲ.

ಅವರು ಕೇಳಿದ್ದನ್ನು, ಕೇಳಿದಾಗ, ಕೇಳಿದಷ್ಟು ಕೊಡಿ. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಎದೆಯ ಕಡೆ ಬಾಗಿರಲಿ. ಚಿಕ್ಕ ಚಮಚ, ನುಂಗಿದ್ದು ಖಾತ್ರಿಯಾದ ಮೇಲೆ ಮುಂದಿನದು. ಮುಗಿದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ತಿನ್ನುವಾಗ ಕೆಮ್ಮು ಬಂದರೆ, ದನಿ ಒದ್ದೆಯಾಗಿ ಗೊರಗೊರ ಅಂದರೆ ಆಹಾರ ಶ್ವಾಸನಾಳಕ್ಕೆ ಇಳಿಯುತ್ತಿರಬಹುದು, ನಿಲ್ಲಿಸಿ. ಮರೆವಿನ ಕಾಯಿಲೆಯ ಕೊನೆಯ ಹಂತದಲ್ಲಿ ನಳಿಕೆ ಹಾಕಿದರೆ ಆಯಸ್ಸು ಹೆಚ್ಚುತ್ತದೆ ಅನ್ನಲು ಆಧಾರ ಸಿಕ್ಕಿಲ್ಲ. ಕೈಯಿಂದ ನಿಧಾನವಾಗಿ ತಿನ್ನಿಸುವುದನ್ನೇ ತಜ್ಞರು ಹೇಳುತ್ತಾರೆ.

"ಡ್ರಿಪ್ಸ್ ಆದ್ರೂ ಹಾಕ್ಸಿ" ಅಂತ ನೆಂಟರು ಹೇಳುತ್ತಾರೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹಾಸ್ಪೈಸ್ ಆರೈಕೆಯಲ್ಲಿದ್ದ ಕ್ಯಾನ್ಸರ್ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ 1 ಲೀಟರ್, ಇನ್ನು ಕೆಲವರಿಗೆ ಬರೀ 100 ಮಿಲಿಲೀಟರ್ ದ್ರವ ಕೊಟ್ಟು ನೋಡಿದರು. ಲಕ್ಷಣಗಳಲ್ಲಾಗಲಿ, ಬದುಕಿದ ದಿನಗಳಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕೊನೆಯ ದಿನಗಳಲ್ಲಿ ಹೆಚ್ಚು ದ್ರವ ಹೋದರೆ ಕೈಕಾಲು ಊದಿ, ಎದೆಯಲ್ಲಿ ಕಫ ತುಂಬುವುದೂ ಉಂಟು.

ಉಸಿರು ಸಾಲದಾದಾಗ, ಗೊಂದಲವಾದಾಗ

ಉಸಿರುಕಟ್ಟಿದಾಗ ಮುಂದಕ್ಕೆ ಬಾಗಿ ಕೂರಿಸಿ, ಎದುರಿಗೆ ಮೇಜಿನ ಮೇಲೆ ದಿಂಬಿಟ್ಟು ತೋಳು ಊರಲು ಕೊಡಿ. ಚಿಕ್ಕ ಫ್ಯಾನ್ ಮುಖಕ್ಕೆ ಹಿಡಿಯಿರಿ. ಕೆನ್ನೆ, ಮೂಗಿನ ಸುತ್ತ ತಣ್ಣನೆ ಗಾಳಿ ತಾಗಿದರೆ ಅಲ್ಲಿನ ನರಗಳ ಮೂಲಕ ಉಸಿರು ಸಾಲದೆಂಬ ಸಂಕಟ ತಗ್ಗುತ್ತದೆ. ರಕ್ತದಲ್ಲಿ ಆಕ್ಸಿಜನ್ ಸರಿಯಾಗಿಯೇ ಇದ್ದರೆ ಸಿಲಿಂಡರಿನಿಂದ ಹೆಚ್ಚಿನ ಲಾಭವಿಲ್ಲ. ಡಾಕ್ಟರು ಹೇಳಿದರೆ ಚಿಕ್ಕ ಪ್ರಮಾಣದ ಮಾರ್ಫಿನ್ ಇಲ್ಲೂ ಕೆಲವರಿಗೆ ಕೆಲಸಕ್ಕೆ ಬರಬಹುದು.

ಒಂದೆರಡು ದಿನದಲ್ಲೇ ಗೊಂದಲ, ಇಲ್ಲದವರು ಕಾಣುವುದು, ಹಾಸಿಗೆಯಿಂದ ಏಳಲು ಹವಣಿಸುವುದು ಶುರುವಾದರೆ ಕಾರಣ ಹುಡುಕಿ. ಮಲಬದ್ಧತೆ, ಮೂತ್ರ ಕಟ್ಟಿರುವುದು, ಸೋಂಕು, ಹೊಸ ಔಷಧ ಇವುಗಳಲ್ಲಿ ಒಂದಾಗಿರಬಹುದು. ಸರಿಪಡಿಸಿದರೆ ಎಷ್ಟೋ ಸಲ ಮೊದಲಿನಂತಾಗುತ್ತಾರೆ. ಅವರಿಗೆ ಕಂಡದ್ದು ಸುಳ್ಳು ಅಂತ ವಾದ ಮಾಡಬೇಡಿ. ಕನ್ನಡಕ, ಕಿವಿಯ ಯಂತ್ರ ಹಾಕಿ, ಮಂದ ಬೆಳಕು ಇಡಿ, ಪಕ್ಕದಲ್ಲಿರಿ.

ಮಾತಾಡಬೇಕಾದ್ದನ್ನು ಮಾತಾಡುವುದು

ಕಾಯಿಲೆಯ ಸತ್ಯ ರೋಗಿಗೆ ಹೇಳಬೇಕಾ ಅನ್ನುವುದು ಪ್ರತಿ ಮನೆಯ ಜಗಳ. ಅನೇಕ ಸಲ ಅವರಿಗೆ ಆಗಲೇ ಗೊತ್ತಿರುತ್ತದೆ, ನಿಮಗೆ ನೋವಾಗದಿರಲಿ ಅಂತ ಸುಮ್ಮನಿರುತ್ತಾರೆ. ಹೇಳಬೇಕಾ ಬೇಡವಾ ಅಂತ ನೀವು ತೀರ್ಮಾನಿಸುವ ಬದಲು ಅವರನ್ನೇ ಕೇಳಿ: "ಅಮ್ಮಾ, ಡಾಕ್ಟರು ಹೇಳಿದ್ದರಲ್ಲಿ ನಿಂಗೆ ಏನು ಗೊತ್ತಾಯ್ತು? ಇನ್ನೂ ತಿಳ್ಕೋಬೇಕು ಅನ್ಸುತ್ತಾ, ಅಥವಾ ನಾನೇ ಮಾತಾಡ್ಲಾ?" ಎರಡೂ ಉತ್ತರ ಸರಿ.

ತಿಳಿವಳಿಕೆ ಸ್ಪಷ್ಟ ಇರುವಾಗಲೇ ಕೇಳಬೇಕಾದ್ದು ಕೆಲವಿವೆ. ಕೊನೆಗೆ ಮನೆಯಲ್ಲಿರಬೇಕಾ, ಆಸ್ಪತ್ರೆಯಲ್ಲಾ? ತಮಗೆ ಹೇಳಲು ಆಗದಿದ್ದಾಗ ಯಾರು ತೀರ್ಮಾನ ಮಾಡಬೇಕು? ವೆಂಟಿಲೇಟರ್ ಬೇಕಾ? ಹೃದಯ ನಿಂತರೆ ಎದೆ ಒತ್ತಿ ಎಬ್ಬಿಸಲು ಪ್ರಯತ್ನಿಸಬೇಕಾ? ಈ ಕಾಯಿಲೆಗಳ ಕೊನೆಯಲ್ಲಿ ಆ ಪ್ರಯತ್ನ ಫಲಿಸುವುದು ತೀರಾ ಅಪರೂಪ, ಪಕ್ಕೆಲುಬು ಮುರಿಯುವುದು ಸಾಮಾನ್ಯ. ಉತ್ತರಗಳನ್ನು ಬರೆದಿಟ್ಟು ಡಾಕ್ಟರಿಗೂ ಮನೆಯ ಎಲ್ಲರಿಗೂ ತಿಳಿಸಿ.

ಮಕ್ಕಳಿಗೆ ನೇರವಾಗಿ ಹೇಳಿ: ಅಜ್ಜಿಗೆ ದೊಡ್ಡ ಕಾಯಿಲೆ, ವಾಸಿಯಾಗಲ್ಲ, ನಿನ್ನಿಂದ ಬಂದದ್ದಲ್ಲ. ಸತ್ತವರನ್ನು "ಮಲಗಿದ್ದಾರೆ" ಅಂದರೆ ಮಗು ಮಲಗಲೇ ಹೆದರುತ್ತದೆ.

ನೋಡಿಕೊಳ್ಳುವವರು

1999ರಲ್ಲಿ ಅಮೆರಿಕದ ಒಂದು ಅಧ್ಯಯನ, ಗಂಡ ಅಥವಾ ಹೆಂಡತಿಯನ್ನು ನೋಡಿಕೊಳ್ಳುವ ವಯಸ್ಸಾದವರನ್ನು ನಾಲ್ಕು ವರ್ಷ ಗಮನಿಸಿತ್ತು. ಆ ಕೆಲಸದಲ್ಲಿ ಬಳಲಿದವರಲ್ಲಿ ಸಾವಿನ ಅಪಾಯ, ಅಂಥ ಹೊಣೆ ಇಲ್ಲದವರಿಗಿಂತ ಶೇಕಡಾ 63ರಷ್ಟು ಜಾಸ್ತಿ ಇತ್ತು. ನಿಮ್ಮ ನಿದ್ದೆ, ನಿಮ್ಮ ಮಾತ್ರೆ, ನಿಮ್ಮ ಬೆನ್ನುನೋವು ಕೂಡ ಆರೈಕೆಯ ಭಾಗ ಅನ್ನುವುದು ಇದಕ್ಕೇ.

"ಏನಾದ್ರೂ ಬೇಕಾದ್ರೆ ಹೇಳಿ" ಅನ್ನುವವರಿಗೆ ಗೊತ್ತಾದ ಕೆಲಸ ಹೇಳಿ: ಶನಿವಾರ ರಾತ್ರಿ ಇಲ್ಲಿ ಮಲಗಿ, ನಾನು ನಿದ್ದೆ ಮಾಡ್ತೀನಿ. ಬೇರೆ ಊರಲ್ಲಿರುವ ಅಣ್ಣತಮ್ಮಂದಿರಿಗೆ ಔಷಧ ತರಿಸುವುದು, ಬಿಲ್ಲು, ಡಾಕ್ಟರ ಜೊತೆ ಫೋನು ಇವನ್ನು ಒಪ್ಪಿಸಬಹುದು.

ಅವರು ಇನ್ನೂ ಇರುವಾಗಲೇ ಅವರಿಗಾಗಿ ದುಃಖ ಶುರುವಾಗಿರುತ್ತದೆ. ಜೊತೆಗೆ ಸಿಟ್ಟು ಬರುತ್ತದೆ. "ಇದು ಬೇಗ ಮುಗಿಯಲಿ" ಅಂತಲೂ ಒಮ್ಮೆ ಅನಿಸಿ, ಮರುಕ್ಷಣ ನಾಚಿಕೆಯಾಗುತ್ತದೆ. ಪ್ರೀತಿಯಿಂದ ನೋಡಿಕೊಂಡವರಿಗೇ ಹೀಗೆ ಅನಿಸುವುದು. ದಯವಿಟ್ಟು ಅದಕ್ಕಾಗಿ ನಿಮ್ಮನ್ನು ನೀವು ಶಿಕ್ಷಿಸಿಕೊಳ್ಳಬೇಡಿ.

ಕೊನೆಯ ದಿನಗಳ ಗುರುತು

ದಿನದ ಹೆಚ್ಚು ಹೊತ್ತು ನಿದ್ದೆ. ನುಂಗುವುದು ನಿಲ್ಲುತ್ತದೆ. ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಕೈಕಾಲು ತಣ್ಣಗಾಗಿ, ಮಂಡಿ, ಪಾದಗಳಲ್ಲಿ ನೀಲಿ ಮಚ್ಚೆಯಂಥ ಗೆರೆಗಳು ಮೂಡುತ್ತವೆ. ಉಸಿರು ಜೋರಾಗಿ, ಆಮೇಲೆ ಸಣ್ಣದಾಗಿ, ಕೆಲವು ಸೆಕೆಂಡು ಪೂರ್ತಿ ನಿಂತು, ಮತ್ತೆ ಶುರುವಾಗುತ್ತದೆ.

ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಅವರಿಗೆ ಉಸಿರು ಕಟ್ಟುತ್ತಿದೆ ಅಂತ ಎಲ್ಲರೂ ಹೆದರುತ್ತಾರೆ. ನುಂಗಲು, ಕೆಮ್ಮಲು ಆಗದೆ ಅಲ್ಲೇ ನಿಂತ ಜೊಲ್ಲು, ಕಫದ ಮೇಲೆ ಗಾಳಿ ಹಾಯುವ ಸದ್ದು ಅದು. ಪ್ರಜ್ಞೆ ಇಳಿದಿರುವ ಆ ಹೊತ್ತಿನಲ್ಲಿ ಅದರಿಂದ ಅವರಿಗೆ ಹೆಚ್ಚು ಬಾಧೆ ಇರುವುದಿಲ್ಲ ಅನ್ನುವುದು ವೈದ್ಯರ ಅಭಿಪ್ರಾಯ. ಪಕ್ಕಕ್ಕೆ ಮಲಗಿಸಿ, ತಲೆ ಸ್ವಲ್ಪ ಎತ್ತರಿಸಿ. ಗಂಟಲೊಳಗೆ ಯಂತ್ರ ಹಾಕಿ ಎಳೆಸುವುದು ಬೇಡ.

ಮಾತಾಡುತ್ತಿರಿ. 2020ರಲ್ಲಿ ಕೆನಡಾದ ಸಂಶೋಧಕರು, ಪ್ರತಿಕ್ರಿಯೆ ನಿಂತುಹೋಗಿದ್ದ ಕೆಲವು ಹಾಸ್ಪೈಸ್ ರೋಗಿಗಳ ಮಿದುಳು ಸಾವಿಗೆ ಕೆಲವೇ ಗಂಟೆ ಮುಂಚೆಯೂ ಶಬ್ದಗಳಿಗೆ ಸ್ಪಂದಿಸುತ್ತಿದ್ದುದನ್ನು ದಾಖಲಿಸಿದರು. ಅವರಿಗೆ ಅರ್ಥವಾಯಿತೇ ಅನ್ನುವುದು ಅದರಿಂದ ತಿಳಿಯುವುದಿಲ್ಲ, ಆದರೂ ಕೇಳಿಸುತ್ತಿದೆ ಅಂದುಕೊಂಡೇ ಮಾತಾಡಬೇಕು. ಮಂಚದ ಪಕ್ಕ ಆಸ್ತಿ, ಖರ್ಚಿನ ಮಾತು ಬೇಡ.

ಆ ನಂತರ

ನಿರೀಕ್ಷಿತ ಸಾವಾದರೆ ಉಸಿರು ನಿಂತ ಕ್ಷಣದಲ್ಲಿ ಓಡಾಡುವ ತುರ್ತು ಏನೂ ಇಲ್ಲ. ಬೇಕಾದಷ್ಟು ಹೊತ್ತು ಪಕ್ಕದಲ್ಲಿ ಕೂರಬಹುದು. ಆಮೇಲೆ ಡಾಕ್ಟರನ್ನು ಕರೆಸಿ ಸಾವಿನ ಪ್ರಮಾಣಪತ್ರ ಬರೆಸಬೇಕು. ಯಾರನ್ನು ಕರೆಯಬೇಕು ಅಂತ ಮೊದಲೇ ಕೇಳಿಟ್ಟುಕೊಂಡಿರಿ. ಉಳಿದ ಮಾರ್ಫಿನ್ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಕೊಟ್ಟವರನ್ನೇ ಕೇಳಿ ಹಿಂತಿರುಗಿಸಿ.

ದುಃಖಕ್ಕೆ ಗಡುವಿಲ್ಲ. ಆದರೆ 6 ತಿಂಗಳು ದಾಟಿದರೂ ತೀವ್ರತೆ ಸ್ವಲ್ಪವೂ ಇಳಿಯದೆ, ದಿನದ ಕೆಲಸವೇ ನಿಂತುಹೋಗಿದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಕಾಯಿಲೆಗಳ ಪಟ್ಟಿ ಚಿಕಿತ್ಸೆ ಬೇಕಾದ ಸ್ಥಿತಿ ಅಂತ ಗುರುತಿಸುತ್ತದೆ. ಅಷ್ಟು ದಿನ ಮನೆಗೆ ಬಂದುಹೋಗುತ್ತಿದ್ದ ಪ್ಯಾಲಿಯೇಟಿವ್ ತಂಡಕ್ಕೇ ಫೋನ್ ಮಾಡಿ ಕೇಳಬಹುದು. ಸಾವಿನ ನಂತರ ಕುಟುಂಬದ ಜೊತೆ ಮಾತಾಡುವುದೂ ಅವರ ಕೆಲಸದಲ್ಲಿ ಸೇರಿದೆ.